ಪೆಟ್ರೋಲ್ ಗಾಡಿ ಉಳಿಸಿಕೊಳ್ಳುವುದಾ, ಎಲೆಕ್ಟ್ರಿಕ್‌ಗೆ ಹೋಗುವುದಾ? ಆಫ್‌ರೋಡ್ ಮಂದಿಯ ಚರ್ಚೆ

ಕೆಸರುಗಾಲಿ:
ಈ ವಿಷಯ ಎತ್ತಿದರೆ ಜಗಳ ಆಗುತ್ತದೆ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ. ನನ್ನದು ಪೆಟ್ರೋಲ್ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿ). ಲೋ ರೇಂಜ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರ್) ಇದೆ, ಹಿಂದಿನ ಆಕ್ಸಲ್‌ಗೆ ಲಾಕರ್ (ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವುದು) ಇದೆ. ಈಗ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಬಂದಿದೆ, ಖರ್ಚು ಸಣ್ಣದಲ್ಲ. ಎಂಜಿನ್ ಕಟ್ಟಿಸಿ ಇನ್ನೊಂದಷ್ಟು ವರ್ಷ ಓಡಿಸಲೋ, ಇಲ್ಲ ಮಾರಿ ಎಲೆಕ್ಟ್ರಿಕ್ ಕಡೆ ನೋಡಲೋ? ರಸ್ತೆ ಮೇಲೆ ಓಡಿಸುವ ಮಾತು ಬೇಡ, ಅಲ್ಲಿ ಎಲೆಕ್ಟ್ರಿಕ್ ಚೆನ್ನಾಗಿದೆ ಅಂತ ಎಲ್ಲರಿಗೂ ಗೊತ್ತು. ಕಲ್ಲು, ಕೆಸರು, ಮರಳು, ಹೊಳೆ, ಇಷ್ಟರ ಬಗ್ಗೆ ಮಾತ್ರ ಹೇಳಿ.

ಹಳೇಎಂಜಿನ್:
ಕಟ್ಟಿಸು ಮಾರಾಯ, ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ? ಕಾಡಿನ ನಡುವೆ ಫ್ಯಾನ್ ಬೆಲ್ಟ್ ಹರಿದರೆ ಬದಲಾಯಿಸಬಹುದು. ಹೋಸ್ ಒಡೆದರೆ ಟೇಪ್ ಸುತ್ತಿ ನಿಧಾನವಾಗಿ ಹೊರಗೆ ಬರಬಹುದು. ಆ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗೆ ಏನಾದರೂ ಆದರೆ ಏನು ಮಾಡುತ್ತೀಯ? ಮುಟ್ಟುವ ಹಾಗೂ ಇಲ್ಲ.

ಸದ್ದಿಲ್ಲ:
ಅಣ್ಣ, ಎಲೆಕ್ಟ್ರಿಕ್‌ನಲ್ಲಿ ಫ್ಯಾನ್ ಬೆಲ್ಟೇ ಇಲ್ಲ. ಟೈಮಿಂಗ್ ಚೈನ್ ಇಲ್ಲ, ಕ್ಲಚ್ ಇಲ್ಲ, ಫ್ಯೂಯಲ್ ಪಂಪ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಇಲ್ಲದ ಸಾಮಾನು ಹೇಗೆ ಕೆಡುತ್ತದೆ? ಇನ್ನೊಂದು ಮಾತು. ನೀವು ಹೇಳುವ ಟೇಪ್ ರಿಪೇರಿ ಹಳೇ ಕಾರ್ಬ್ಯುರೇಟರ್ ಗಾಡಿಗಳ ಕಥೆ. ಈಗಿನ ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಲಿಂಪ್ ಮೋಡ್‌ಗೆ (ಶಕ್ತಿ ಇಳಿಸಿ ಕುಂಟುತ್ತಾ ಓಡುವ ಸ್ಥಿತಿಗೆ) ಹೋಗಿ ಕೂರುತ್ತದೆ. ಆಗ ನಿಮಗೂ ಲ್ಯಾಪ್‌ಟಾಪ್ ಬೇಕು, ನನಗೂ ಲ್ಯಾಪ್‌ಟಾಪ್ ಬೇಕು.

ಹಳೇಎಂಜಿನ್:
ಅದಕ್ಕೇ ಮೇಡಂ ನಾನು ಹಳೇ ಗಾಡಿ ಬಿಡುವುದಿಲ್ಲ :) ಟೊಯೋಟಾದ ಲ್ಯಾಂಡ್ ಕ್ರೂಸರ್ 70 ಸರಣಿ 1984ರಲ್ಲಿ ಬಂತು. ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಅದು ಶೋಕಿಗೆ ಉಳಿದಿದೆ ಅಂತ ಅಂದುಕೊಂಡಿದ್ದೀರಾ?

ಲೆಕ್ಕದವನು:
ಭಾವನೆ ಪಕ್ಕಕ್ಕಿಡಿ, ಒಂದು ಜೆರ್ರಿ ಕ್ಯಾನ್ ತೆಗೆದುಕೊಳ್ಳೋಣ. 20 ಲೀಟರ್ ಪೆಟ್ರೋಲ್. ತೂಕ ಸುಮಾರು 15 ಕೆ.ಜಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಹತ್ತಿರ ಹತ್ತಿರ 9 ಯೂನಿಟ್ ಶಕ್ತಿ ಇರುತ್ತದೆ (ಯೂನಿಟ್ ಅಂದರೆ ಕಿಲೋವ್ಯಾಟ್ ಅವರ್, ಮೀಟರ್‌ನಲ್ಲಿ ಓಡುವುದು). ಅಲ್ಲಿಗೆ ಕ್ಯಾನ್‌ನಲ್ಲಿ 180 ಯೂನಿಟ್. ಎಂಜಿನ್ ಅದರಲ್ಲಿ ಬಹುಪಾಲು ಬಿಸಿ ಮಾಡಿ ಬಿಸಾಡುತ್ತದೆ. ಗಾಲಿಗೆ ಸಿಗುವುದು ಐದರಲ್ಲಿ ಒಂದು ಪಾಲು ಅಂತ ಹಿಡಿದರೂ 36 ಯೂನಿಟ್ ಸಿಕ್ಕಿತು.

ಇಷ್ಟನ್ನೇ ಬ್ಯಾಟರಿಯಲ್ಲಿ ಹೊರಬೇಕಾದರೆ? ಪ್ಯಾಕ್, ಕೇಸಿಂಗ್ ಎಲ್ಲ ಸೇರಿ ಕೆ.ಜಿ.ಗೆ 150 ವ್ಯಾಟ್ ಅವರ್ (1,000 ವ್ಯಾಟ್ ಅವರ್ ಅಂದರೆ 1 ಯೂನಿಟ್) ಅಂತ ಇಟ್ಟುಕೊಂಡರೆ 240 ಕೆ.ಜಿ. ಒಂದು ಕಡೆ 15 ಕೆ.ಜಿ., ಇನ್ನೊಂದು ಕಡೆ 240. ಎಂಜಿನ್ ಎಷ್ಟೇ ಪೋಲು ಮಾಡಲಿ, ದೂರದ ಪ್ರಯಾಣದಲ್ಲಿ ಪೆಟ್ರೋಲೇ ಗೆಲ್ಲುತ್ತದೆ. ಕ್ಯಾನ್ ಖಾಲಿಯಾದ ಮೇಲೆ ಅದರ ಭಾರವೂ ಇಳಿಯುತ್ತದೆ. ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ.

ಸದ್ದಿಲ್ಲ:
ಲೆಕ್ಕ ಸರಿ ಇದೆ. ಆದರೆ ದೂರದ ಪ್ರಯಾಣಕ್ಕೆ ಸರಿ. ನಾವೆಲ್ಲ ಮಾಡುವುದು ಏನು? ಕಲ್ಲಿನ ದಾರಿಯಲ್ಲಿ ಇಡೀ ದಿನ ಹೊರಳಾಡಿದರೂ ಓಡುವುದು ಸ್ವಲ್ಪ ದೂರ. ಅರ್ಧ ಸಮಯ ನಿಂತಿರುತ್ತೇವೆ. ಯಾರೋ ಸಿಕ್ಕಿಹಾಕಿಕೊಂಡಿರುತ್ತಾರೆ, ಇನ್ಯಾರೋ ಫೋಟೋ ತೆಗೆಯುತ್ತಿರುತ್ತಾರೆ. ಆ ಹೊತ್ತೆಲ್ಲ ನಿಮ್ಮ ಎಂಜಿನ್ ಸುಮ್ನೆ ಉರಿಯುತ್ತಿರುತ್ತದೆ, ನನ್ನ ಮೋಟಾರ್ ಏನೂ ತಿನ್ನುವುದಿಲ್ಲ. ಲೋ ರೇಂಜ್ ಫಸ್ಟ್ ಗೇರ್‌ನಲ್ಲಿ ತೆವಳುವಾಗ ನಿಮಗೆ ಸಿಗುವುದು ಐದರಲ್ಲಿ ಒಂದು ಪಾಲೂ ಅಲ್ಲ, ಅದಕ್ಕಿಂತ ಕಡಿಮೆ. ಎಂಜಿನ್ ಅತಿ ಕೆಟ್ಟದಾಗಿ ಕೆಲಸ ಮಾಡುವ ಜಾಗವೇ ಅದು.

ಇಳಿಜಾರಿನಲ್ಲಿ ರೀಜೆನ್ (ಗಾಡಿ ಇಳಿಯುವಾಗ ಮೋಟಾರೇ ಬ್ಯಾಟರಿ ತುಂಬಿಸುವುದು) ಬೇರೆ ಇದೆ. ಹತ್ತಿದ್ದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ನಿಮ್ಮ ಗಾಡಿ ಗುಡ್ಡ ಇಳಿಯುವಾಗ ಟ್ಯಾಂಕ್ ತುಂಬಿದ್ದು ನೋಡಿದ್ದೀರಾ?

ಹಳೇಎಂಜಿನ್:
ಫುಲ್ ಚಾರ್ಜ್ ಇದ್ದಾಗ ಗುಡ್ಡ ಇಳಿದರೆ ರೀಜೆನ್ ಕೆಲಸ ಮಾಡುವುದಿಲ್ಲ ಅಲ್ವಾ? ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಆಗ ಬರೀ ಬ್ರೇಕ್ ಮೇಲೆ ಇಳಿಸಬೇಕು.

ಸದ್ದಿಲ್ಲ:
ಗುಡ್ಡದ ತುದಿಯಲ್ಲಿ ಫುಲ್ ಚಾರ್ಜ್ ಮಾಡಿಕೊಂಡು ಇಳಿಯುವವರು ಯಾರಣ್ಣ? ಹತ್ತಿ ಬಂದವರಿಗೆ ಜಾಗ ಇದ್ದೇ ಇರುತ್ತದೆ.

ಸುಮ್ನೆಓದುವವ:
ಇಬ್ಬರೂ ಸರಿ. ಪಾಪ್‌ಕಾರ್ನ್ ತಂದುಕೊಂಡೆ. ಮುಂದುವರಿಸಿ.

ಡಿಫ್‌ಲಾಕ್:
ಇಂಧನದ ಲೆಕ್ಕ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ, ಗಾಲಿಗೆ ಟಾರ್ಕ್ (ತಿರುಗಿಸುವ ಬಲ) ಹೋಗುವ ರೀತಿ.

ನಾಲ್ಕು ಗಾಲಿಗೆ ನಾಲ್ಕು ಮೋಟಾರ್ ಇರುವ ಗಾಡಿ ತೆಗೆದುಕೊಳ್ಳಿ. ಅಮೆರಿಕದ ರಿವಿಯನ್ ಆರ್1ಟಿ ಪಿಕಪ್ 2021ರಲ್ಲಿ ಹಾಗೆ ಬಂತು. ಮರ್ಸಿಡಿಸ್ ಜಿ 580 ಕೂಡ ಹಾಗೇ. ನಿಂತಲ್ಲೇ ಗಿರಕಿ ಹೊಡೆಯುತ್ತದೆ, ನೋಡಲು ಚಂದ. ಆದರೆ ಒಂದು ಸನ್ನಿವೇಶ ಯೋಚಿಸಿ. ಮೂರು ಗಾಲಿ ಜಾರುತ್ತಿವೆ ಅಥವಾ ಗಾಳಿಯಲ್ಲಿವೆ, ಒಂದೇ ಗಾಲಿಗೆ ಹಿಡಿತ ಇದೆ. ನನ್ನ ಗಾಡಿಯಲ್ಲಿ ಸೆಂಟರ್, ಹಿಂದೆ, ಮುಂದೆ ಎಲ್ಲ ಲಾಕ್ ಮಾಡಿದರೆ ಇಡೀ ಎಂಜಿನ್ನಿನ ಟಾರ್ಕ್ ಲೋ ರೇಂಜ್‌ನ ಗುಣಾಕಾರದ ಜೊತೆಗೆ ಆ ಒಂದೇ ಗಾಲಿಗೆ ಹೋಗಬಲ್ಲದು. ನಾಲ್ಕು ಮೋಟಾರ್ ಗಾಡಿಯಲ್ಲಿ ಆ ಗಾಲಿಗೆ ಅದರ ಸ್ವಂತ ಮೋಟಾರ್ ಕೊಟ್ಟಷ್ಟೇ ಸಿಗುತ್ತದೆ. ಉಳಿದ ಮೂರು ಮೋಟಾರ್ ಸಹಾಯಕ್ಕೆ ಬರುವ ದಾರಿಯೇ ಇಲ್ಲ. ಸ್ಪೆಕ್ ಶೀಟ್‌ನಲ್ಲಿ ಬರೆದ ದೊಡ್ಡ ಟಾರ್ಕ್‌ನಲ್ಲಿ ಕಾಲು ಭಾಗ ಮಾತ್ರ.

ಲೆಕ್ಕದವನು:
ಡಿಫ್‌ಲಾಕ್ ಗುರು, ಒಂದು ಪ್ರಶ್ನೆ. ಆ ಒಂದು ಗಾಲಿ ಎಷ್ಟು ಟಾರ್ಕ್ ಬಳಸಬಲ್ಲದು? 3 ಟನ್ ಗಾಡಿಯಲ್ಲಿ ಆ ಗಾಲಿಯ ಮೇಲೆ 1 ಟನ್ ಕೂತಿದೆ ಅನ್ನೋಣ. ಒಳ್ಳೆಯ ಕಲ್ಲಿನ ಮೇಲೆ ಹಿಡಿತ 0.8 (ಮೇಲೆ ಕೂತ ಭಾರದ ನೂರಕ್ಕೆ ಎಂಬತ್ತರಷ್ಟು ಬಲ). ಟಯರ್ ತ್ರಿಜ್ಯ 0.4 ಮೀಟರ್. ಸುಮಾರು 3,100 ನ್ಯೂಟನ್ ಮೀಟರ್ ಬರುತ್ತದೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಗಾಲಿ ಜಾರುತ್ತದೆ ಅಷ್ಟೇ. ಜಿ 580ಯಲ್ಲಿ ಒಟ್ಟು 1,164 ನ್ಯೂಟನ್ ಮೀಟರ್, ಅಂದರೆ ಒಂದು ಮೋಟಾರ್‌ಗೆ 291. ಎಲೆಕ್ಟ್ರಿಕ್ ಗಾಡಿಗಳ ಗೇರ್ ರಿಡಕ್ಷನ್ (ಗೇರ್ ಟಾರ್ಕನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) ಸಾಮಾನ್ಯವಾಗಿ 10ರ ಆಸುಪಾಸು. ಅದರ ಮೇಲೆ ಜಿ 580ಗೆ ಪ್ರತಿ ಗಾಲಿಗೂ ಎರಡು ಪಟ್ಟಿನ ಲೋ ರೇಂಜ್ ಇದೆ. ಹಿಡಿತದ ಮಿತಿ ದಾಟಿ ಹೋಯಿತು. ನಿಮ್ಮ ಲಾಕರ್ ಕೊಡುವ ಹೆಚ್ಚುವರಿ ಟಾರ್ಕ್ ಕಾಗದದ ಮೇಲೆ ಉಳಿಯುತ್ತದೆ.

ಡಿಫ್‌ಲಾಕ್:
ಅದಕ್ಕೇ ನೋಡಿ ಮರ್ಸಿಡಿಸ್‌ನವರು ಆ ಲೋ ರೇಂಜ್ ಇಟ್ಟಿದ್ದು. ಎಲೆಕ್ಟ್ರಿಕ್ ಮೋಟಾರ್‌ಗೆ ಶೂನ್ಯ ಆರ್‌ಪಿಎಮ್‌ನಲ್ಲೇ ಪೂರ್ತಿ ಟಾರ್ಕ್, ಗೇರ್ ಬೇಡ ಅಂತ ಮಾತಾಡುತ್ತಿದ್ದವರೇ ಕೊನೆಗೆ ಗೇರ್ ಹಾಕಿದರು. ಯಾಕೆ? ಬಿಸಿ.

ಒಂದು ಕಲ್ಲಿನ ಮೆಟ್ಟಿಲಿಗೆ ಗಾಲಿ ಒತ್ತಿ ನಿಂತಿದೆ. ಗಾಡಿ ಮೇಲೂ ಹೋಗುತ್ತಿಲ್ಲ, ಹಿಂದೂ ಬರುತ್ತಿಲ್ಲ. ಮೋಟಾರ್ ತಿರುಗುತ್ತಿಲ್ಲ, ಆದರೆ ಪೂರ್ತಿ ಕರೆಂಟ್ ಹರಿಯುತ್ತಿದೆ. ತಿರುಗುವಾಗ ಕರೆಂಟ್ ಮೂರೂ ಫೇಸ್‌ಗಳಿಗೆ ಸರದಿಯಲ್ಲಿ ಹಂಚಿಹೋಗುತ್ತದೆ. ನಿಂತಾಗ ಹೆಚ್ಚಿನ ಹೊರೆ ಒಂದೇ ಫೇಸ್ ಮೇಲೆ, ಇನ್ವರ್ಟರಿನ (ಬ್ಯಾಟರಿ ಕರೆಂಟನ್ನು ಮೋಟಾರ್‌ಗೆ ತಕ್ಕಂತೆ ಮಾಡುವ ಪೆಟ್ಟಿಗೆ) ಒಂದೇ ಸ್ವಿಚ್ ಮೇಲೆ ಬೀಳುತ್ತದೆ. ಕೆಲವು ಕ್ಷಣದಲ್ಲಿ ಕಂಟ್ರೋಲರ್ ಪವರ್ ಇಳಿಸುತ್ತದೆ. ಬೇಕಾದ ಹೊತ್ತಿಗೇ ಟಾರ್ಕ್ ಮಾಯ. ನನ್ನ ಗಾಡಿಯಲ್ಲಿ ಆ ಗುಣಾಕಾರ ಗೇರ್ ಮಾಡುತ್ತದೆ. ರ‍್ಯಾಂಗ್ಲರ್ ರೂಬಿಕಾನ್ ಮ್ಯಾನ್ಯುಯಲ್‌ನಲ್ಲಿ ಕ್ರಾಲ್ ರೇಷಿಯೋ 80ಕ್ಕೂ ಮೇಲೆ, ಅಂದರೆ ಎಂಜಿನ್ 80ಕ್ಕೂ ಹೆಚ್ಚು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಎಂಜಿನ್ ಸಲೀಸಾಗಿ ತಿರುಗುತ್ತಿರುತ್ತದೆ, ಗಾಲಿ ಇಂಚು ಇಂಚಾಗಿ ಹತ್ತುತ್ತದೆ.

ಸದ್ದಿಲ್ಲ:
ಮರಳಿನ ದಿಬ್ಬದಲ್ಲಿ ಪವರ್ ಇಳಿದ ಅನುಭವ ನನಗೂ ಆಗಿದೆ, ಅದು ನಿಜ. ಬಿಸಿಲಿನಲ್ಲಿ ಒಂದರ ಮೇಲೊಂದು ದಿಬ್ಬ ಹತ್ತಿಸಿದರೆ ಗಾಡಿ ಸ್ವಲ್ಪ ಸುಧಾರಿಸಿಕೊಳ್ಳಬೇಕು ಅನ್ನುತ್ತದೆ. ಆದರೆ ಕಲ್ಲಿನ ಮೇಲೆ ನನ್ನ ಅನುಭವ ಬೇರೆ. ಬಲಗಾಲು ಪೆಡಲ್ ಮೇಲೆ, ಒಂದು ಕೂದಲೆಳೆಯಷ್ಟು ಒತ್ತುತ್ತೇನೆ. ಟಯರ್ ಕಲ್ಲಿನ ಅಂಚಿಗೆ ತಾಗಿ ಚಪ್ಪಟೆಯಾಗುವುದು ಕೂತಲ್ಲಿಗೇ ಗೊತ್ತಾಗುತ್ತದೆ. ರಬ್ಬರ್ ಕಿರುಗುಟ್ಟುವುದು ಕೇಳುತ್ತದೆ. ಹೊರಗೆ ನಿಂತು ದಾರಿ ತೋರಿಸುವವರು ಕೂಗಬೇಕಾಗಿಲ್ಲ, ಮಾಮೂಲಿ ದನಿಯಲ್ಲಿ "ಸ್ವಲ್ಪ ಎಡಕ್ಕೆ" ಅಂದರೆ ಸಾಕು. ಗಾಲಿ ಜಾರಲು ಶುರು ಮಾಡಿದ ಕೂಡಲೇ ಕಂಪ್ಯೂಟರ್ ಹಿಡಿಯುತ್ತದೆ. ಕ್ಲಚ್ ಸುಡುವ ವಾಸನೆ ಇಲ್ಲ, ಸ್ಟಾಲ್ ಆಗುವ ಭಯ ಇಲ್ಲ. ಹೊಸದಾಗಿ ಕಲಿಯುವವರನ್ನು ಕೂರಿಸಿ ನೋಡಿ, ಎರಡೂ ಗಾಡಿಯಲ್ಲಿ. ಯಾವುದರಲ್ಲಿ ಬೇಗ ಧೈರ್ಯ ಬರುತ್ತದೆ ಹೇಳಿ.

ಹಳೇಎಂಜಿನ್:
ಬೇಗ ಧೈರ್ಯ ಬಂದವರೇ ಬೇಗ ಪಲ್ಟಿ ಹೊಡೆಯುವುದು ಮೇಡಂ.

ಸುಮ್ನೆಓದುವವ:
^^ ಈ ಮಾತಿಗೆ ಯಾವ ಬಣದವರೂ ತಕರಾರು ತೆಗೆಯುವುದಿಲ್ಲ.

ನೀರಿಗಿಳಿ:
ಹೊಳೆ ದಾಟುವ ಬಗ್ಗೆ ಯಾರೂ ಬರೆದಿಲ್ಲ. ನನ್ನ ಹೆಸರಿಗಾದರೂ ಬರೆಯಬೇಕು. ಪೆಟ್ರೋಲ್ ಎಂಜಿನ್ ಉಸಿರಾಡುತ್ತದೆ. ಏರ್ ಇನ್‌ಟೇಕ್‌ಗೆ ನೀರು ಹೋದರೆ ಸಿಲಿಂಡರ್ ಒಳಗೆ ಬರುತ್ತದೆ. ನೀರನ್ನು ಅದುಮಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಕಥೆ ಮುಗಿಯಿತು. ಸ್ನಾರ್ಕೆಲ್ (ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಇರುವುದೇ ಅದಕ್ಕೆ. ಎಲೆಕ್ಟ್ರಿಕ್‌ಗೆ ಉಸಿರೂ ಬೇಡ, ಸೈಲೆನ್ಸರೂ ಇಲ್ಲ. ಒಂದೇ ಕಂಪನಿಯ ಒಂದೇ ಗಾಡಿ ನೋಡಿ. ಎಂಜಿನ್ ಇರುವ ಜಿ ಕ್ಲಾಸ್ 700 ಮಿ.ಮೀ. ನೀರಿಗೆ ಇಳಿಯಬಹುದು, ಎಲೆಕ್ಟ್ರಿಕ್ ಜಿ 850 ಮಿ.ಮೀ.ಗೆ. ಲ್ಯಾಂಡ್ ರೋವರ್‌ನವರು 2013ರಲ್ಲಿ ಏಳು ಎಲೆಕ್ಟ್ರಿಕ್ ಡಿಫೆಂಡರ್ ಮಾಡಿ ತೋರಿಸಿದ್ದರು. ಅವೂ 800 ಮಿ.ಮೀ. ನೀರು ದಾಟುತ್ತಿದ್ದವು.

ಹಾಗಂತ ಕಣ್ಣು ಮುಚ್ಚಿ ಇಳಿಯಬೇಡಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸ್ವಲ್ಪ ಸವೆದಿದ್ದರೆ ನೀರು ಒಳಗೆ ಎಳೆದುಕೊಳ್ಳುತ್ತದೆ. ಬ್ರೀದರ್ ಪೈಪ್ (ಆಕ್ಸಲ್ ಒಳಗೆ ಗಾಳಿ ಹೋಗಿ ಬರುವ ಕೊಳವೆ) ಎತ್ತರಕ್ಕೆ ಕಟ್ಟಬೇಕು. ಈ ಕಾಟ ಎರಡಕ್ಕೂ ಇದೆ. ಹಳೇ ಡಿಫ್‌ನಲ್ಲಿ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯಲ್ಲಿ) ಎಣ್ಣೆ ಬೆಳ್ಳಗೆ ನೊರೆಯಾದರೆ ಇಳಿಸಿ ಹೊಸದು ಹಾಕಿದರಾಯಿತು. ಮೋಟಾರ್ ಒಳಗೆ ನೀರು ಹೋದರೆ ಅಷ್ಟು ಸಲೀಸಲ್ಲ. ಹತ್ತು ವರ್ಷ ಕಳೆದ ಮೇಲೆ ಆ ಬ್ಯಾಟರಿ ಸೀಲ್ ಹೇಗಿರುತ್ತದೆ ಅನ್ನುವುದೇ ನನ್ನ ಚಿಂತೆ. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಕೆಸರುಗಾಲಿ:
ಇದು ಒಳ್ಳೆ ಮಾತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ನನ್ನಂಥವರು ಕೇಳಬೇಕಾದ್ದು ಅದನ್ನೇ. ಬೇರೆ ಇನ್ನೇನು ನೋಡಬೇಕು?

ಹಳೇಎಂಜಿನ್:
ತೂಕ. ತೂಕ. ತೂಕ. ಹಮ್ಮರ್ ಇವಿಯ ಬ್ಯಾಟರಿಯೇ 1,300 ಕೆ.ಜಿ. ಹತ್ತಿರ ಇದೆ. ಒಂದು ಇಡೀ ಸುಝುಕಿ ಜಿಮ್ನಿ, ಮೂರು ಬಾಗಿಲಿನದು, 1,100 ಕೆ.ಜಿ. ಆಸುಪಾಸು. ಒಬ್ಬರ ಬ್ಯಾಟರಿ ಇನ್ನೊಬ್ಬರ ಗಾಡಿಗಿಂತ ಭಾರ! 100 ಕುದುರೆ ಶಕ್ತಿಯ ಜಿಮ್ನಿ ಹೋದ ಜಾಗಕ್ಕೆ ನಾಲ್ಕು ಟನ್ ಗಾಡಿ ಹೋಗಲಿ ನೋಡೋಣ. ಒದ್ದೆ ಮಣ್ಣಿನ ಅಂಚು ಕುಸಿಯುತ್ತದೆ. ಮರದ ಸೇತುವೆ ನೋಡಿದರೆ ಎದೆ ಝಲ್ ಅನ್ನುತ್ತದೆ.

ಡಿಫ್‌ಲಾಕ್:
ಸಿಕ್ಕಿಹಾಕಿಕೊಂಡಾಗ ಇನ್ನೂ ಕಷ್ಟ. ವಿಂಚ್‌ನ (ಸಿಕ್ಕಿದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಎಳೆತ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕು ಅನ್ನುವುದು ನಮ್ಮೆಲ್ಲರ ರೂಢಿ. 3 ಟನ್ ಗಾಡಿಗೆ 4.5 ಟನ್ ವಿಂಚ್. ನಾಲ್ಕು ಟನ್‌ಗೆ 6 ಟನ್. ಅಷ್ಟು ಎಳೆತ ತಡೆಯುವ ಮರ ಎಲ್ಲಿದೆ? ಜೊತೆಗೆ ಬಂದ ಒಂದೂವರೆ ಟನ್ ಗಾಡಿಯವರು ಹಗ್ಗ ಹಾಕಿ ಎಳೆದರೆ ಅವರೇ ಜಾರಿ ಬರುತ್ತಾರೆ.

ಇನ್ನೊಂದು ವಿಷಯ. ಕೆಟ್ಟು ನಿಂತ ಎಲೆಕ್ಟ್ರಿಕ್ ಗಾಡಿಯನ್ನು ನೆಲದ ಮೇಲೆ ಗಾಲಿ ಉರುಳಿಸಿಕೊಂಡು ದೂರ ಎಳೆಯುವ ಹಾಗಿಲ್ಲ ಅಂತ ಎಷ್ಟೋ ಕಂಪನಿಗಳ ಪುಸ್ತಕದಲ್ಲೇ ಬರೆದಿದೆ. ಗಾಲಿ ತಿರುಗಿದರೆ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ. ಫ್ಲಾಟ್‌ಬೆಡ್ ಬೇಕು. ಕಣಿವೆಯ ಬುಡಕ್ಕೆ ಫ್ಲಾಟ್‌ಬೆಡ್ ತರುವುದು ಹೇಗೆ?

ಸದ್ದಿಲ್ಲ:
ಹಮ್ಮರ್ ಒಂದನ್ನೇ ಹಿಡಿದುಕೊಂಡು ಎಲ್ಲ ಎಲೆಕ್ಟ್ರಿಕ್‌ಗೂ ಬೈಯುವುದು ಸರಿಯಲ್ಲ. ನನಗೂ ಆ ಗಾಡಿ ಅತಿಯಾಯಿತು ಅನ್ನಿಸುತ್ತದೆ. ಆದರೆ ಸಣ್ಣ ಕಡೆ ನೋಡಿ. ಪೊಲಾರಿಸ್‌ನವರ ರೇಂಜರ್ ಕೈನೆಟಿಕ್ ಸೈಡ್ ಬೈ ಸೈಡ್ (ಅಕ್ಕಪಕ್ಕ ಕೂತು ಓಡಿಸುವ ಪುಟ್ಟ ಆಫ್‌ರೋಡ್) ಗಾಡಿ ಇದೆ. ಚಿಕ್ಕ ಬ್ಯಾಟರಿಯದು 15 ಯೂನಿಟ್ ಕೂಡ ಇಲ್ಲ, 110 ಕುದುರೆ ಶಕ್ತಿ. ತೋಟ, ಕಾಡಂಚು, ಬೇಟೆ ನಿಷೇಧದ ಜಾಗದ ಗಸ್ತು, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸಂಜೆ ಮನೆಗೆ ಬಂದು ಪ್ಲಗ್ ಹಾಕಿದರಾಯಿತು. ಗಣಿಗಳ ಒಳಗೂ ಎಲೆಕ್ಟ್ರಿಕ್ ಲ್ಯಾಂಡ್ ಕ್ರೂಸರ್ 70 ಇಳಿಸಿ ನೋಡಿದ್ದಾರೆ. ಹೌದು ಅಣ್ಣ, ನಿಮ್ಮ ಅದೇ 70 ಸರಣಿ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಎಚ್‌ಪಿ ಗಣಿ ಕಂಪನಿ ಮತ್ತು ಟೊಯೋಟಾ ಸೇರಿ ಆ ಪ್ರಯೋಗ ಮಾಡಿದವು. ನೆಲದ ಒಳಗೆ ಹೊಗೆ ಹೋಗಲು ಜಾಗ ಇರುವುದಿಲ್ಲವಲ್ಲ.

ಹಳೇಎಂಜಿನ್:
ಗಣಿ ಒಳಗೆ ಸರಿ. ಚಾರ್ಜರ್ ಪಕ್ಕದಲ್ಲೇ ಇರುತ್ತದೆ.

ಚಂದ್ರಯಾನಿ:
ಮನುಷ್ಯರು ಕೂತು ಓಡಿಸಿದ್ದರಲ್ಲಿ ಭೂಮಿಯಿಂದ ಎಲ್ಲಕ್ಕಿಂತ ದೂರ ಹೋಗಿ ಆಫ್‌ರೋಡ್ ಮಾಡಿದ ಗಾಡಿ ಯಾವುದು ಗೊತ್ತಾ? ಅಪೊಲೊ 15, 16, 17ರ ಚಂದ್ರನ ರೋವರ್. 1971ರಲ್ಲಿ ಶುರು. ನಾಲ್ಕು ಗಾಲಿಗೆ ನಾಲ್ಕು ಎಲೆಕ್ಟ್ರಿಕ್ ಮೋಟಾರ್, ಒಂದೊಂದೂ ಕಾಲು ಕುದುರೆ ಶಕ್ತಿ. ನಿಮ್ಮ ಕ್ವಾಡ್ ಮೋಟಾರ್ ಹೊಸ ಐಡಿಯಾ ಏನಲ್ಲ. ನಾನು ಹೇಳುವುದು ಮುಗಿಯಿತು.

ಹಳೇಎಂಜಿನ್:
ಮೂರೂ ಗಾಡಿಗಳನ್ನು ಅಲ್ಲೇ ಬಿಟ್ಟು ಬಂದರು. ಅವುಗಳ ಬ್ಯಾಟರಿ ಚಾರ್ಜ್ ಮಾಡುವಂಥದ್ದೇ ಅಲ್ಲ, ಒಂದು ಸಲದ್ದು. ನಾನು ಹೇಳುವುದೂ ಮುಗಿಯಿತು.

ಸುಮ್ನೆಓದುವವ:
😂😂 ಅಣ್ಣನಿಗೆ ಒಂದು ಪಾಯಿಂಟ್.

ಲೆಕ್ಕದವನು:
ನಗು ಆಯಿತು, ಈಗ ಕೇಳಿ. ಗಾಲಿ ತಿರುಗಿಸುವ ಕೆಲಸಕ್ಕೆ ಮೋಟಾರ್ ಎಂಜಿನ್‌ಗಿಂತ ಚೆನ್ನಾಗಿದೆ. ಡಿಫ್‌ಲಾಕ್ ಹೇಳಿದ ಬಿಸಿಯ ತೊಂದರೆ ಗೇರ್ ಹಾಕಿದರೆ ಹೋಗುತ್ತದೆ, ಹಾಕಿ ತೋರಿಸಿದ್ದಾರೆ. ಶಕ್ತಿ ಹೊರುವ ಕೆಲಸಕ್ಕೆ ಪೆಟ್ರೋಲ್ ಬ್ಯಾಟರಿಗಿಂತ ಚೆನ್ನಾಗಿದೆ. ನಾವು ಇವೆರಡನ್ನೂ ಕಲಸಿ "ಎಂಜಿನ್ನಾ ಮೋಟಾರಾ" ಅಂತ ಕಿತ್ತಾಡುತ್ತಿದ್ದೇವೆ. ಇವು ಎರಡು ಬೇರೆ ಕೆಲಸ. ಬೇರೆ ಮಾಡಿ ನೋಡಿದರೆ ಉತ್ತರ ಕಾಣುತ್ತದೆ. ಗಾಲಿಗೆ ಮೋಟಾರ್ ಇರಲಿ, ಮೂಲೆಯಲ್ಲಿ ಒಂದು ಸಣ್ಣ ಎಂಜಿನ್ ಜನರೇಟರ್ ಆಗಿ ಕೂರಲಿ.

ಇದು ಕನಸಲ್ಲ. 2024ರ ಡಕಾರ್ ರ‍್ಯಾಲಿ ಅನ್ನುವ ಮರುಭೂಮಿ ಸ್ಪರ್ಧೆ ಗೆದ್ದದ್ದು ಹೀಗಿದ್ದ ಗಾಡಿಯೇ. ಆಡಿಯವರ ಆರ್‌ಎಸ್ ಕ್ಯೂ ಇ-ಟ್ರಾನ್, ಓಡಿಸಿದವರು ಕಾರ್ಲೋಸ್ ಸೈನ್ಜ್. ಗಾಲಿ ತಿರುಗಿಸಿದ್ದು ಎಲೆಕ್ಟ್ರಿಕ್ ಮೋಟಾರ್, ದಾರಿಯಲ್ಲಿ ಬ್ಯಾಟರಿ ತುಂಬಿಸಿದ್ದು ಒಳಗಿದ್ದ ಎಂಜಿನ್. ಬಿವೈಡಿಯವರ ಯಾಂಗ್‌ವಾಂಗ್ ಯು8 ಕೂಡ ಹಾಗೇ. ನಾಲ್ಕು ಮೋಟಾರ್, 49 ಯೂನಿಟ್ ಬ್ಯಾಟರಿ, 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಜನರೇಟರ್ ಕೆಲಸಕ್ಕೆ. ನೀರಿನಲ್ಲಿ ತೇಲುತ್ತದೆ ಬೇರೆ, ನೀರಿಗಿಳಿ ಅವರಿಗೆ ಇಷ್ಟ ಆಗಬಹುದು. ಸ್ಕೌಟ್ ಅನ್ನುವ ಹಳೇ ಫೋರ್ ಬೈ ಫೋರ್ ಹೆಸರನ್ನು ಫೋಕ್ಸ್‌ವ್ಯಾಗನ್ ಮತ್ತೆ ಎಬ್ಬಿಸಿದಾಗಲೂ ಜನರೇಟರ್ ಇರುವ ಆಯ್ಕೆ ಇಟ್ಟರು. ಮುಂಗಡ ಬುಕ್ ಮಾಡಿದವರಲ್ಲಿ ಹೆಚ್ಚಿನವರು ಅದನ್ನೇ ಆರಿಸಿದರು.

ಡಿಫ್‌ಲಾಕ್:
ಜನರೇಟರ್ ಐಡಿಯಾಗೆ ನನ್ನ ಅರ್ಧ ಓಟು. ಇನ್ನರ್ಧ ಯಾಕೆ ಇಲ್ಲ ಅಂದರೆ, ಎರಡೂ ಕಡೆಯ ತಲೆನೋವು ಒಂದೇ ಗಾಡಿಗೆ ಬರುತ್ತದೆ. ಬ್ಯಾಟರಿ ಭಾರ ಇದೆ, ಎಂಜಿನ್ ಆಯಿಲ್ ಬದಲಾವಣೆಯೂ ಇದೆ. ರೇಡಿಯೇಟರ್ ಇದೆ, ಇನ್ವರ್ಟರ್‌ಗೆ ಬೇರೆ ಕೂಲಿಂಗ್ ಇದೆ. ಏರ್ ಇನ್‌ಟೇಕ್ ವಾಪಸ್ ಬಂತು, ಹೊಳೆಯಲ್ಲಿ ಸಿಕ್ಕಿದ್ದ ಲಾಭ ಹೋಯಿತು. ದಿಬ್ಬದ ಮೇಲೆ ದಿಬ್ಬ ಹತ್ತುವಾಗ ಸಣ್ಣ ಜನರೇಟರ್ ಕೊಡುವುದಕ್ಕಿಂತ ಜಾಸ್ತಿ ಮೋಟಾರ್ ಎಳೆಯುತ್ತದೆ. ಬ್ಯಾಟರಿ ತಳ ಮುಟ್ಟಿತು ಅಂದರೆ ಆಮೇಲೆ ಜನರೇಟರ್ ಕೊಟ್ಟಷ್ಟರಲ್ಲೇ ತೆವಳಬೇಕು.

ಲೆಕ್ಕದವನು:
ಅದಕ್ಕೆ ಬ್ಯಾಟರಿ ಪೂರ್ತಿ ಖಾಲಿ ಆಗಲು ಬಿಡಬಾರದು. ಅರ್ಧದ ಮೇಲೆ ಇಟ್ಟುಕೊಳ್ಳುವ ಮೋಡ್ ಇರಬೇಕು. ಸಾಫ್ಟ್‌ವೇರ್ ಕೆಲಸ ಅದು.

ಬಿಸಿಲುಹಲಗೆ:
ಜನರೇಟರ್ ಯಾಕೆ? ಕ್ಯಾಂಪ್‌ನಲ್ಲಿ ಸೋಲಾರ್ ಪ್ಯಾನಲ್ ಹರಡಿದರೆ ಆಗುವುದಿಲ್ಲವಾ? ಮಡಚುವ ಪ್ಯಾನಲ್‌ಗಳು ಈಗ ಸಿಗುತ್ತವೆ.

ಲೆಕ್ಕದವನು:
200 ವ್ಯಾಟ್ ಪ್ಯಾನಲ್, ಒಳ್ಳೆಯ ಬಿಸಿಲು ಐದು ಗಂಟೆ. 1 ಯೂನಿಟ್. ದೊಡ್ಡ ಎಲೆಕ್ಟ್ರಿಕ್ ಗಾಡಿ ಒಳ್ಳೆಯ ರಸ್ತೆಯಲ್ಲೇ ಅದಕ್ಕೆ ಮೂರು-ನಾಲ್ಕು ಕಿ.ಮೀ. ಓಡುತ್ತದೆ. ಕೆಸರಿನಲ್ಲಿ ಅದರ ಅರ್ಧ. ಫ್ರಿಜ್ ಓಡಿಸಲು ಸಾಕು, ಗಾಡಿ ಓಡಿಸಲು ಸಾಲದು.

ಬಿಸಿಲುಹಲಗೆ:
ಅಯ್ಯೋ. ಆಯಿತು.

ಸದ್ದಿಲ್ಲ:
ಎತ್ತರದ ಬಗ್ಗೆಯೂ ಹೇಳಿಬಿಡುತ್ತೇನೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 4,000 ಮೀಟರ್‌ನಲ್ಲಿ ಅದು ಏದುಸಿರು ಬಿಡುತ್ತಿರುತ್ತದೆ. ಮೋಟಾರ್‌ಗೆ ಗಾಳಿಯೇ ಬೇಡ, ಕೆಳಗೆ ಹೇಗೋ ಮೇಲೂ ಹಾಗೇ.

ಹಳೇಎಂಜಿನ್:
ಮೇಲೆ ಚಳಿಯೂ ಇರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಬ್ಯಾಟರಿ ಸರಿಯಾಗಿ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಮೊದಲು ಅದನ್ನು ಬಿಸಿ ಮಾಡಬೇಕು. ಒಳಗೆ ಹೀಟರ್‌ಗೂ ಅದೇ ಬ್ಯಾಟರಿ. ನನ್ನ ಎಂಜಿನ್ ಬಿಸಾಡುವ ಬಿಸಿಯಲ್ಲೇ ನಾನು ಬೆಚ್ಚಗೆ ಕೂರುತ್ತೇನೆ. ಲೆಕ್ಕದವನು ಆಗಲೇ ಪೋಲು ಅಂದರಲ್ಲ, ಅದೇ ಬಿಸಿ.

ಗ್ಯಾರೇಜ್‌ಹುಡುಗಿ:
ನಾನು ಎರಡೂ ರಿಪೇರಿ ಮಾಡುತ್ತೇನೆ, ಅದಕ್ಕೆ ಒಂದು ಮಾತು. ಎಲೆಕ್ಟ್ರಿಕ್ ಗಾಡಿ ದಾರಿಯಲ್ಲಿ ನಿಂತಿತು ಅಂತ ಕರೆ ಬಂದರೆ ನಾನು ಮೊದಲು ನೋಡುವುದು ದೊಡ್ಡ ಬ್ಯಾಟರಿಯನ್ನಲ್ಲ, ಸಣ್ಣ 12 ವೋಲ್ಟ್ ಬ್ಯಾಟರಿಯನ್ನು. ಅದು ಸತ್ತರೆ ಒಳಗಿನ ಕಾಂಟ್ಯಾಕ್ಟರ್ (ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್) ಕೂಡಿಕೊಳ್ಳುವುದಿಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎದ್ದೇಳುವುದಿಲ್ಲ. ಕ್ಯಾಂಪ್‌ನಲ್ಲಿ ಲೈಟು, ಪಂಪು, ಫ್ರಿಜ್ ಎಲ್ಲ ಅದಕ್ಕೇ ಜೋಡಿಸಿ ರಾತ್ರಿ ಇಡೀ ಬಿಟ್ಟಿರುತ್ತಾರೆ. ಒಂದು ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳಿ, ಮುಗಿಯಿತು. ಈ ರಿಪೇರಿಗೆ ಲ್ಯಾಪ್‌ಟಾಪ್ ಬೇಡ, ಕಿತ್ತಳೆ ಕೇಬಲ್ ಮುಟ್ಟುವುದೂ ಬೇಡ.

ಪೆಟ್ರೋಲ್ ಗಾಡಿಯವರಿಗೂ ಒಂದು. ವರ್ಷದಲ್ಲಿ ಒಂದೆರಡು ಸಲ ಹೊರಗೆ ತೆಗೆಯುವ ಗಾಡಿಗಳಲ್ಲಿ ಹಳೇ ಪೆಟ್ರೋಲ್ ನಿಂತು ಇಂಜೆಕ್ಟರ್ ಅಂಟಿಕೊಂಡಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ. ಎಂಜಿನ್ ಗಟ್ಟಿ ಅಂತ ಹೇಳುವವರೇ ಟ್ಯಾಂಕ್ ನೋಡುವುದಿಲ್ಲ.

ಕೆಸರುಗಾಲಿ:
ಮೇಡಂ, ಹಾಗಾದರೆ ನನ್ನ ಗಾಡಿ ಕಟ್ಟಿಸುವುದಾ ಬೇಡವಾ?

ಗ್ಯಾರೇಜ್‌ಹುಡುಗಿ:
ಚಾಸಿಸ್ ತುಕ್ಕು ಹಿಡಿದಿದೆಯಾ? ಅದು ಮೊದಲು ಹೇಳಿ. ಎಂಜಿನ್ ಕಟ್ಟಬಹುದು, ಕೊಳೆತ ಚಾಸಿಸ್ ಕಟ್ಟಲು ಆಗುವುದಿಲ್ಲ. ಚಾಸಿಸ್ ಚೆನ್ನಾಗಿದ್ದರೆ ಕಟ್ಟಿಸಿ. ಎಂಜಿನ್ ತೆಗೆದು ಅದೇ ಗಾಡಿಗೆ ಮೋಟಾರ್ ಕೂರಿಸುವವರೂ ಇದ್ದಾರೆ. ಹಳೇ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಉಳಿಸಿಕೊಂಡು ಹಾಗೆ ಮಾಡಿದರೆ ಲೋ ರೇಂಜೂ ಇರುತ್ತದೆ, ಲಾಕರೂ ಇರುತ್ತದೆ. ಡಿಫ್‌ಲಾಕ್ ಅವರ ಬಿಸಿಯ ತಕರಾರಿಗೆ ಅಲ್ಲೇ ಉತ್ತರ ಇದೆ. ಆದರೆ ದುಡ್ಡು ಎಂಜಿನ್ ಕಟ್ಟಿಸುವುದಕ್ಕಿಂತ ಎಷ್ಟೋ ಜಾಸ್ತಿ. ನೋಂದಣಿ ಕಾಗದದ ಓಡಾಟವೂ ಇದೆ. ಹವ್ಯಾಸಕ್ಕೆ ಮಾಡಿ, ಉಳಿತಾಯಕ್ಕೆ ಮಾಡಬೇಡಿ.

ಕೆಸರುಗಾಲಿ:
ಚಾಸಿಸ್ ಚೆನ್ನಾಗಿದೆ. ಕೆಳಗೆ ಮಲಗಿ ಸುತ್ತಿಗೆಯಲ್ಲಿ ತಟ್ಟಿ ನೋಡಿದ್ದೇನೆ.

ಗ್ಯಾರೇಜ್‌ಹುಡುಗಿ:
ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ತಟ್ಟಿದಿರಾ? ಎಲ್ಲರೂ ಅದನ್ನು ಬಿಡುತ್ತಾರೆ.

ಹಳೇಎಂಜಿನ್:
ನೋಡಿದಿರಾ, ಕೊನೆಗೆ ನನ್ನ ಮಾತೇ ಆಯಿತು. ಕಟ್ಟಿಸು.

ನೀರಿಗಿಳಿ:
ಅಣ್ಣ, ಇವತ್ತು ಆಯಿತು. ಮುಂದೆ ಹೊಸ ಪೆಟ್ರೋಲ್ ಗಾಡಿ ಮಾಡುವವರೇ ಇಲ್ಲದಿದ್ದರೆ? ಯುರೋಪಿನಲ್ಲಿ 2035ರ ಹೊತ್ತಿಗೆ ಹೊಸ ಕಾರಿನ ಹೊಗೆ ಪೂರ್ತಿ ನಿಲ್ಲಬೇಕು ಅಂತ 2023ರಲ್ಲಿ ಕಾನೂನು ಮಾಡಿದರು. 2025ರ ಡಿಸೆಂಬರಿನಲ್ಲಿ ಅಲ್ಲಿನ ಆಯೋಗವೇ ಅದನ್ನು ಶೇ. 90ಕ್ಕೆ ಸಡಿಲಿಸುವ ಪ್ರಸ್ತಾಪ ತಂದಿತು. ಹಿಂದೆ ಮುಂದೆ ಆಗುತ್ತಿದೆ ನಿಜ. ಆದರೆ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಎಲೆಕ್ಟ್ರಿಕ್.

ಲೆಕ್ಕದವನು:
ನಿಷೇಧಕ್ಕಿಂತ ಮೊದಲೇ ಲೆಕ್ಕ ಹೊಡೆಯುತ್ತದೆ. ಜಿಮ್ನಿಯನ್ನು ಯುರೋಪಿನಲ್ಲಿ ಯಾರೂ ನಿಷೇಧಿಸಲಿಲ್ಲ. ಕಂಪನಿ ಮಾರುವ ಎಲ್ಲ ಕಾರುಗಳ ಹೊಗೆಯ ಸರಾಸರಿಗೆ ಮಿತಿ ಇದೆ, ಜಿಮ್ನಿ ಆ ಸರಾಸರಿ ಕೆಡಿಸುತ್ತಿತ್ತು. ಅದಕ್ಕೆ ಪ್ರಯಾಣಿಕರ ಕಾರಾಗಿ ಮಾರುವುದು ನಿಲ್ಲಿಸಿ, ಹಿಂದಿನ ಸೀಟು ತೆಗೆದು ಸರಕು ಗಾಡಿ ಅಂತ ಮಾರಿದರು. ಜನ ಕ್ಯೂ ನಿಂತಿದ್ದ ಗಾಡಿ ಅದು! ನಮ್ಮ ಥರದ ಗಾಡಿ ಕೊಳ್ಳುವವರು ಕಡಿಮೆ. ಕಂಪನಿಗಳು ಹೊಸ ಎಂಜಿನ್‌ಗೆ ದುಡ್ಡು ಹಾಕುವುದು ನಿಲ್ಲಿಸಿದರೆ ನಮಗಾಗಿ ಮಾತ್ರ ಯಾರೂ ಎಂಜಿನ್ ಮಾಡಿ ಕೊಡುವುದಿಲ್ಲ.

ಹಳೇಎಂಜಿನ್:
ಕೃತಕ ಪೆಟ್ರೋಲ್ ಬರುತ್ತಿದೆಯಲ್ಲ. ಪೋರ್ಷೆಯವರು ಬೇರೆ ಕಂಪನಿಗಳ ಜೊತೆ ಸೇರಿ ಚಿಲಿಯಲ್ಲಿ ಗಾಳಿ ವಿದ್ಯುತ್‌ನಿಂದ ಮಾಡುವ ಘಟಕ 2022ರಲ್ಲೇ ಶುರು ಮಾಡಿದರು.

ಲೆಕ್ಕದವನು:
ಮಾಡಬಹುದು ಅಣ್ಣ. ಆದರೆ ವಿದ್ಯುತ್‌ನಿಂದ ಹೈಡ್ರೋಜನ್, ಅದಕ್ಕೆ ಇಂಗಾಲ ಸೇರಿಸಿ ಪೆಟ್ರೋಲ್, ಅದನ್ನು ಮತ್ತೆ ಎಂಜಿನ್‌ನಲ್ಲಿ ಸುಡುವುದು. ಪ್ರತಿ ಹೆಜ್ಜೆಗೂ ಸೋರಿಕೆ. ಅದೇ ವಿದ್ಯುತ್ ನೇರ ಬ್ಯಾಟರಿಗೆ ಹೋದರೆ ಹಲವು ಪಟ್ಟು ದೂರ ಓಡಬಹುದು. ನಿಮ್ಮ ಥರ ತಿಂಗಳಿಗೊಂದು ಸಲ ಓಡಿಸುವವರಿಗೆ, ದುಬಾರಿಯಾದರೂ ಪರವಾಗಿಲ್ಲ ಅನ್ನುವವರಿಗೆ ಸರಿ. ಎಲ್ಲರಿಗೂ ಹರಿಯುವಷ್ಟು ಆಗುವುದಿಲ್ಲ.

ಸದ್ದಿಲ್ಲ:
ಮಾತು ಸಾಕು, ಒಂದು ಪರೀಕ್ಷೆ ಮಾಡೋಣವಾ? ಡಿಫ್‌ಲಾಕ್ ಅವರ ಗಾಡಿ, ನನ್ನ ಗಾಡಿ. ಮೂರು ಗಾಲಿ ಕೆಳಗೆ ರೋಲರ್, ಒಂದು ಗಾಲಿಗೆ ಮಾತ್ರ ಹಿಡಿತ. ಮುಂದೆ ಒಂದು ಮೆಟ್ಟಿಲು. ಯಾರು ಹತ್ತುತ್ತಾರೆ ನೋಡೋಣ. ಒತ್ತಿ ನಿಲ್ಲಿಸಿ ನನ್ನ ಮೋಟಾರ್ ಎಷ್ಟು ಹೊತ್ತು ತಡೆಯುತ್ತದೆ ಅಂತಲೂ ನೋಡೋಣ.

ಡಿಫ್‌ಲಾಕ್:
ಒಪ್ಪಿದೆ. ಟಯರ್ ಪ್ರೆಷರ್ ಎರಡಕ್ಕೂ 18 ಪಿಎಸ್‌ಐ.

ಸದ್ದಿಲ್ಲ:
ನನ್ನದು ನಿಮ್ಮದಕ್ಕಿಂತ ಒಂದು ಟನ್ ಜಾಸ್ತಿ ಇದೆ. ಅದೇ ಪಿಎಸ್‌ಐ ಇಟ್ಟರೆ ನನ್ನ ಟಯರ್ ಜಾಸ್ತಿ ಚಪ್ಪಟೆಯಾಗುತ್ತದೆ, ಹಿಡಿತ ನನಗೇ ಜಾಸ್ತಿ ಸಿಗುತ್ತದೆ. ಆಮೇಲೆ ಮೋಸ ಅನ್ನಬಾರದು.

ಡಿಫ್‌ಲಾಕ್:
ಬೀಡ್ (ರಿಮ್ ಹಿಡಿದಿರುವ ಟಯರ್ ಅಂಚು) ಕಳಚಿದರೆ ನೀವು ಅನ್ನಬಾರದು. ಪಿಎಸ್‌ಐ ಬಿಡಿ, ಟಯರ್ ನೆಲಕ್ಕೆ ತಾಗುವ ಉದ್ದ ಅಳೆದು ಎರಡಕ್ಕೂ ಸಮ ಮಾಡೋಣ. ಟೇಪ್ ನಾನು ತರುತ್ತೇನೆ.

ಹಳೇಎಂಜಿನ್:
ಅಳತೆ ನಾನು ಹಿಡಿಯುತ್ತೇನೆ. ನಿಮ್ಮಿಬ್ಬರನ್ನೂ ನಂಬುವುದಿಲ್ಲ.